ಟೀಚರ್ ಮಲಗಿ ನೋಡಿದ ಕೌದಿ

ಮನುಷ್ಯ ಈ ಲೋಕವನ್ನು ಬಿಟ್ಟು ಹೊರಡುವಾಗ ಜೊತೆಗೆ ಏನನ್ನೂ ಒಯ್ಯಲಾರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಗಂಭೀರವಾದದ್ದು, ಸತ್ಯವೂ ಹೌದು. ಅವರು ಹೇಳದೆ ಬಿಟ್ಟದ್ದು ಇಷ್ಟೆ: ಬಿಟ್ಟುಹೋದ ಬಟ್ಟೆಗಳನ್ನು ಯಾರಾದರೂ ಒಗೆಯಬೇಕಾಗುತ್ತದೆ.

ನಮ್ಮ ಕಡೆ ಆ ತೊಂದರೆಯನ್ನು ತುಂಗಭದ್ರೆಗೆ ವಹಿಸಿಬಿಟ್ಟಿದ್ದೇವೆ. ದಾವಣಗೆರೆಯಲ್ಲಿ ಯಾರಾದರೂ ತೀರಿಕೊಂಡರೆ, ದೊಡ್ಡ ಕಾಯಿಲೆ ಬಿದ್ದು ಎದ್ದರೆ, ಮನೆಗೆ ಕೇಡುಗಾಲ ಹತ್ತಿದೆಯೆಂದು ಜ್ಯೋತಿಷಿ ಹೇಳಿದರೆ, ಬಟ್ಟೆಯ ಗಂಟು ಕಟ್ಟಿಕೊಂಡು ಹರಿಹರಕ್ಕೆ ಹೋಗುವವರು ಇದ್ದಾರೆ. ಹೊಳೆಯಲ್ಲಿ ಮುಳುಗಿ ಎದ್ದು, ಮೈಮೇಲಿನದನ್ನೋ ಗಂಟಿನಲ್ಲಿರುವುದನ್ನೋ ನೀರಿಗೆ ಬಿಟ್ಟು, ಹಿಂತಿರುಗಿ ನೋಡದೆ ಮೆಟ್ಟಿಲು ಹತ್ತಿ ಬರುವುದು ಪದ್ಧತಿ. ಹಿಂತಿರುಗಿ ನೋಡಿದರೆ, ಬಿಟ್ಟ ಬಟ್ಟೆ ಅಲ್ಲೇ ಮುಂದಿನ ಬಂಡೆಗೆ ಸುತ್ತಿಕೊಂಡು ನಿಂತಿರುವುದು ಕಾಣುತ್ತದೆ. ನೋಡಬಾರದೆಂದು ಶಾಸ್ತ್ರ ಮಾಡಿದವರು ಇದನ್ನೆಲ್ಲ ಯೋಚಿಸಿಯೇ ಮಾಡಿರಬೇಕು.

ನಾನು ಹೇಳಹೊರಟಿರುವುದು ಹಿಂತಿರುಗಿ ನೋಡಿದ ಒಬ್ಬ ಹೆಣ್ಣುಮಗಳ ವಿಚಾರ. ವಿನೋಬನಗರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅವರು ಮುಖ್ಯೋಪಾಧ್ಯಾಯಿನಿ, ನಾನು ಅವರ ಕೈಕೆಳಗಿನ ಕನ್ನಡ ಮೇಷ್ಟ್ರು. ಮಕ್ಕಳು ಅವರನ್ನು ಟೀಚರ್ ಎನ್ನುತ್ತಿದ್ದರು, ದೊಡ್ಡವರು ಅಕ್ಕೋರು ಎನ್ನುತ್ತಿದ್ದರು. ನಾನು ಮಕ್ಕಳ ಪಕ್ಷ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಸನ್ಮಾನ ಮಾಡುತ್ತೇವೆಂದು ಬಂದವರನ್ನು "ಹಾರ ಇಟ್ಟು ಹೋಗ್ರಿ, ಹುಡುಗ್ರಿಗೆ ಹೂ ಕಟ್ಟೋದು ಕಲಿಸಾಕೆ ಬರ್ತೈತೆ" ಎಂದು ಕಳಿಸಿಕೊಟ್ಟವರು ಅವರು.

ಆಳು ಗಿಡ್ಡ. ನಡಿಗೆ ಮಾತ್ರ ಬಸ್ಸು ತಪ್ಪುತ್ತದೆ ಎನ್ನುವವರದು. ಎಡಗೈ ಬಳೆಗೆ ಸೇಫ್ಟಿ ಪಿನ್ನುಗಳನ್ನು ಗೊಂಚಲಾಗಿ ಸಿಕ್ಕಿಸಿಕೊಂಡಿರುತ್ತಿದ್ದರು. ಗುಂಡಿ ಕಿತ್ತ ಅಂಗಿ, ಹರಿದ ಚೀಲ, ಸೊಂಟ ಬಿಟ್ಟ ಚಡ್ಡಿ, ಯಾವುದೇ ಕಣ್ಣಿಗೆ ಬಿದ್ದರೂ ಆ ಮಗುವನ್ನು ಎಳೆದು ನಿಲ್ಲಿಸಿ, ಪಿನ್ನು ಹಾಕಿ, ಬೆನ್ನಿಗೊಂದು ತಟ್ಟಿ ಬಿಡುವರು. ಇದಕ್ಕಾಗಿ ಪಾಠ ನಿಲ್ಲುತ್ತಿರಲಿಲ್ಲ. ಏಳರ ಮಗ್ಗಿ ಹೇಳಿಸುತ್ತಲೇ ಚಡ್ಡಿ ನಿಲ್ಲಿಸುವ ಕಲೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಶನಿವಾರ ಮಕ್ಕಳು ಬ್ಯಾಗಿಲ್ಲದೆ ಬಂದು ಏನಾದರೂ ಕೈಕೆಲಸ ಕಲಿಯಬೇಕೆಂದು ಮೇಲಿನಿಂದ ಸುತ್ತೋಲೆ ಬಂದಾಗ, ಅಕ್ಕಪಕ್ಕದವರು ಚಿತ್ರ ಬಿಡಿಸುವುದು, ಕಾಗದದ ಹೂವು ಮುಂತಾದ ಗೌರವಸ್ಥ ವಿದ್ಯೆಗಳನ್ನು ಆರಿಸಿಕೊಂಡರು. ನಮ್ಮ ಟೀಚರ್ ಒಂದು ವಿಚಿತ್ರ ನಿಯಮ ಮಾಡಿದರು. ಶನಿವಾರ ನಮಗೆ ಗೊತ್ತಿಲ್ಲದ ವಿದ್ಯೆಯನ್ನಷ್ಟೇ ಕಲಿಸತಕ್ಕದ್ದು.

"ಗೊತ್ತಿಲ್ಲದ್ದನ್ನ ಹೆಂಗೆ ಕಲಿಸ್ತೀರಿ ಟೀಚರ್?" ಎಂದೆ.

"ಗೊತ್ತಿದ್ದು ಕಲಿಸಾಕೆ ಸೋಮವಾರದಿಂದ ಶುಕ್ರವಾರದ ತನಕ ಐತಲ್ರಿ ಮೇಷ್ಟ್ರೆ. ದೊಡ್ಡೋರು ಕಲಿಯೋದನ್ನ ಹುಡುಗ್ರು ಒಂದಿನಾನೂ ನೋಡಿಲ್ಲ. ನಾವು ಹುಟ್ಟಿದಾಗ್ಲೇ ಎಲ್ಲಾ ಬರ್ತಿತ್ತು ಅಂದ್ಕಂಡಾರೆ."

ಹೀಗಾಗಿ ಶನಿವಾರ ಹೊರಗಿನವರು ಯಾರಾದರೂ ಬಂದು ಕಲಿಸುವುದು, ಟೀಚರು ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಲಿಯುವುದು, ಬಯ್ಯಿಸಿಕೊಳ್ಳುವುದು. ಯಾವುದನ್ನು ಶುರು ಮಾಡುವ ಮೊದಲೂ ಅವರದೊಂದು ಮಂತ್ರವಿತ್ತು: "ಮೊದ್ಲು ಕೆಡ್ಸೋಣ್ರಿ." ಕೆಡುವುದೆಂದು ಮೊದಲೇ ಒಪ್ಪಿಕೊಂಡರೆ ಕೈ ನಡುಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಸೈಕಲ್ ಪಂಕ್ಚರ್ ಹಾಕುವುದನ್ನು ಕಲಿತ ಶನಿವಾರ ಈ ಸಿದ್ಧಾಂತ ನನ್ನ ಸೈಕಲ್ಲಿನ ಮೇಲೆ ಪ್ರಯೋಗವಾಯಿತು. ಪಂಕ್ಚರ್ ಹಾಕಬೇಕಾದರೆ ಮೊದಲು ಪಂಕ್ಚರ್ ಆಗಿರಬೇಕಲ್ಲ. ಐದನೆಯ ತರಗತಿ ಪೂರ್ತಿ ಕಲಿತು ಮುಗಿಸುವ ಹೊತ್ತಿಗೆ ಟ್ಯೂಬಿನಲ್ಲಿ ರಬ್ಬರಿಗಿಂತ ತೇಪೆಯೇ ಹೆಚ್ಚಾಗಿತ್ತು. ಮಂಡಕ್ಕಿಗೆ ಒಗ್ಗರಣೆ ಹಾಕಲು ಕಲಿತ ಶನಿವಾರ ಚೆನ್ನಾಗಿತ್ತು. ಕ್ಷೌರ ಕಲಿತ ಶನಿವಾರದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಪೋಷಕರು ಸೋಮವಾರ ಹೇಳಿದರು.

ಕೌದಿಯ ಕತೆ ಶುರುವಾದದ್ದು ಟೀಚರ್ ಕಾರ್ತೀಕದಲ್ಲಿ ಹೊಳೆ ಸ್ನಾನಕ್ಕೆಂದು ಹರಿಹರಕ್ಕೆ ಹೋಗಿ ಬಂದ ಮೇಲೆ. ದೈವಭಕ್ತೆ, ಸೋಮವಾರ ಒಂದೇ ಊಟ. ಅಂಥವರು ಮುಖ ಗಂಟು ಹಾಕಿಕೊಂಡು ಬಂದರು.

"ಮುಳುಗಿ ಎದ್ರೆ ಯಾರ್ದೋ ಸೀರೆ ಕಾಲಿಗೆ ಸುತ್ಕಂತು ಮೇಷ್ಟ್ರೆ. ನನ್ ಪಾಪ ಬಿಟ್ಟು ಬರಾಕೆ ಹೋಗಿ, ಬ್ಯಾರೇರ್ದು ಕಟ್ಕಂಡು ಬಂದಂಗಾತು."

ಆ ವರ್ಷದ ಶ್ರಮದಾನ ಹೊಳೆ ದಂಡೆಯಲ್ಲೇ ಎಂದು ಅಂದೇ ತೀರ್ಮಾನವಾಯಿತು. ಮಳೆಗಾಲ ಮುಗಿದು ನೀರು ಇಳಿದಿತ್ತು. ಬಂಡೆಗಳಿಗೆ, ಜಾಲಿ ಗಿಡಗಳಿಗೆ, ಮೆಟ್ಟಿಲ ಸಂದಿಗೆ ಊರವರ ಸೀರೆ ಪಂಚೆಗಳು ಅಂಟಿಕೊಂಡು ಕೂತಿದ್ದವು. ಮಕ್ಕಳನ್ನು ನೀರಿಗೆ ಇಳಿಸುವಂತಿರಲಿಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಟೀಚರ್ ಎಲ್ಲಿಂದಲೋ ತಂದರು. ದಂಡೆಯ ಮೇಲೆ ನಿಂತು ಕೊಂಡಿ ಎಸೆಯುವುದು, ಎಳೆಯುವುದು. ಮೀನು ಹಿಡಿಯುವುದಕ್ಕಿಂತ ಇದರಲ್ಲಿ ಮಕ್ಕಳಿಗೆ ಹುರುಪು ಹೆಚ್ಚು, ಏಕೆಂದರೆ ಎಸೆದಾಗಲೆಲ್ಲ ಬೀಳುತ್ತಿತ್ತು. ಮಧ್ಯಾಹ್ನದೊಳಗೆ ದಂಡೆಯ ಮೇಲೆ ಆಳೆತ್ತರದ ರಾಶಿ. ಮಕ್ಕಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಬಂದರು.

ಮುಂದಿನ ವಾರ ಹೋಗಿ ನೋಡಿದರೆ ರಾಶಿ ಇಲ್ಲ. ಸ್ನಾನ ಮುಗಿಸಿ ಹೊಳೆ ಮೆಟ್ಟಿಲ ಮೇಲೆ ಕೂತಿದ್ದ ಹಿರಿಯರೊಬ್ಬರು ಸಮಾಧಾನ ಹೇಳಿದರು. "ಯಾರೋ ಹುಡುಗ್ರು ಕಿತಾಪತಿ ಮಾಡಿ ಎಲ್ಲಾ ಮ್ಯಾಲೆ ಹಾಕಿದ್ರು ಅಕ್ಕೋರೆ. ಹೊಳೆಗೆ ಕೊಟ್ಟಿದ್ದು ವಾಪಸ್ ತಗಬಾರ್ದು. ನಾವೆಲ್ಲ ಸೇರಿ ಒಂದೂ ಬಿಡ್ದಂಗೆ ನೀರಿಗೆ ಬಿಟ್ವಿ."

ಟೀಚರ್ ಆ ಹಿರಿಯರಿಗೆ ಕೈಮುಗಿದರು. ಪಾತಾಳಗರಡಿ ಮತ್ತೆ ಹೊರಬಂತು. ಈ ಸಲ ಬಟ್ಟೆಯನ್ನು ಹಿಂಡಿ, ಗಂಟು ಕಟ್ಟಿ, ದಾವಣಗೆರೆಯ ಬಸ್ಸಿಗೆ ಹೇರಿದೆವು.

"ಗಂಟಿನಾಗೆ ಏನೈತ್ರಿ?" ಎಂದು ಕಂಡಕ್ಟರ್ ಕೇಳಿದ.

"ಹೊಳೆಯಾಗಿನ ಬಟ್ಟೆ" ಎಂದರು ಟೀಚರ್. ಸುಳ್ಳು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಈ ದೌರ್ಬಲ್ಯ ಮುಂದೆ ದುಬಾರಿಯಾಯಿತು.

ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. "ಹಿಂದಿನ ಸೀಟಿಗೆ ಇಟ್ಕಳ್ರಿ ಯಕ್ಕ. ನಾ ಆ ಕಡೆ ಬರಂಗಿಲ್ಲ. ಟಿಕೆಟ್ ಇಲ್ಲೇ ಕೈ ಚಾಚಿ ತಗಳ್ರಿ."

ಒಗೆಯುವ ಖಾತೆ ನನಗೆ ಬಂತು. ಗೊತ್ತಿಲ್ಲದವರೇ ಕಲಿಯಬೇಕು ಎಂಬ ನಿಯಮದ ಪ್ರಕಾರ ನನಗಿಂತ ಅರ್ಹರು ಶಾಲೆಯಲ್ಲಿ ಇರಲಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಬಹುದು. ಕುದಿಯುವ ನೀರು, ಸೋಡಾ, ಬಿಸಿಲು, ಮತ್ತೆ ಕುದಿಯುವ ನೀರು. ಮೂರನೆಯ ಸಲಕ್ಕೆ ಬಟ್ಟೆಗಳ ನಿಜವಾದ ಬಣ್ಣ ಹೊರಬಂತು. ಶಾಲೆಯ ಕಾಂಪೌಂಡಿನ ಮೇಲೆ ಹಸಿರು, ಕುಂಕುಮ, ಅರಿಸಿನ, ನೇರಳೆ ಸೀರೆಗಳು ಹರಡಿಕೊಂಡಾಗ, ಯಾರದೋ ಮನೆಯ ಮದುವೆಗೆ ಚಪ್ಪರ ಹಾಕಿದಂತಿತ್ತು.

ಕೌದಿ ಹೊಲಿಯಲು ಕಲಿಸಿದವರು ಓಣಿಯ ಒಬ್ಬ ಅಜ್ಜಿ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿಗೆ ಸುತ್ತುತ್ತ ಒತ್ತೊತ್ತಾಗಿ ದಾರ ಓಡಿಸಬೇಕು. ಕೇಳಲು ಸುಲಭ. ಐದನೆಯ ತರಗತಿಯ ಹುಡುಗರು ಹುಡುಗಿಯರು ಎರಡು ಶನಿವಾರದಲ್ಲಿ ಹಿಡಿದುಕೊಂಡರು. ಟೀಚರಿಗೆ ಹತ್ತಲಿಲ್ಲ.

"ಇದೇನು ಟೀಚರ್ರೇ, ಹೊಲಿಗೇನೋ, ಇಲಿ ಓಡ್ಯಾಡಿದ್ದೋ?" ಎಂದು ಅಜ್ಜಿ ಎಲ್ಲರೆದುರು ಕೇಳಿತು.

"ಇಲಿ ಆದ್ರೆ ಇನ್ನೂ ನೆಟ್ಟಗೆ ಓಡ್ತಿತ್ತು ಬಿಡ್ರಿ" ಎಂದು ಟೀಚರ್ ಬಿಚ್ಚಿ ಮತ್ತೆ ಹೊಲಿಯಲು ಕೂತರು. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಬಯ್ಯಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಿದ ಮಗು, ಮರುದಿನ ತನ್ನ ಲೆಕ್ಕ ತಪ್ಪಿದಾಗ ಅಳುವುದಿಲ್ಲ. ಇದು ನಾನು ಕಂಡ ಸತ್ಯ. ಸೂಜಿ ಕಾಯುವ ಕೆಲಸ ನನ್ನದಾಗಿತ್ತು. ವಿಜ್ಞಾನದ ಪೆಟ್ಟಿಗೆಯಿಂದ ಅಯಸ್ಕಾಂತ ತೆಗೆದುಕೊಂಡು ಪ್ರತಿ ಶನಿವಾರ ಗುಡಿಸಿದ ಮೇಲೆ ನೆಲವನ್ನೆಲ್ಲ ತಡವುತ್ತಿದ್ದೆ. ಇಷ್ಟು ವರ್ಷ ಆ ಅಯಸ್ಕಾಂತಕ್ಕೂ ಇಷ್ಟು ಉಪಯೋಗ ಇರಲಿಲ್ಲ, ನನಗೂ ಇರಲಿಲ್ಲ.

ಚಳಿ ಬಂತು, ಕೌದಿಗಳು ಸಿದ್ಧವಾದವು. ಊರಿನ ದೊಡ್ಡ ಆಸ್ಪತ್ರೆಯೊಂದರ ಹೊರಗೆ ಮರದ ಕೆಳಗೆ ಹಳ್ಳಿಗಳಿಂದ ಬಂದವರು ಇರುತ್ತಾರೆ. ಒಳಗೆ ಅವರ ಮನೆಯವರು ಮಲಗಿರುತ್ತಾರೆ, ಹೊರಗೆ ಇವರು ಕೂತಿರುತ್ತಾರೆ. ಕೌದಿ ಅವರಿಗೆಂದು ಮಕ್ಕಳೇ ನಿರ್ಧರಿಸಿದ್ದರು. ಮೊದಲನೆಯ ಕೌದಿಯನ್ನು ಜಗಳೂರು ಕಡೆಯ ಒಬ್ಬ ಮುದುಕಿಗೆ ಕೊಟ್ಟೆವು. ಅವಳ ಗಂಡ ಒಳಗಿದ್ದ. ಆಕೆ ಅದನ್ನು ಹೊದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮಕ್ಕಳ ಗಲ್ಲ ಸವರಿದಳು. ಅಲ್ಲಿಗೆ ಮುಗಿದಿದ್ದರೆ ಇದು ಪತ್ರಿಕೆಯಲ್ಲಿ ಬರುವ ಸುದ್ದಿಯಾಗುತ್ತಿತ್ತು.

"ಇಷ್ಟು ಅರಿವೆ ಎಲ್ಲಿ ಸಿಕ್ತು ಯವ್ವ?" ಎಂದು ಮುದುಕಿ ಕೇಳಿದಳು.

"ಹರಿಹರದ ಹೊಳೆಯಾಗೆ" ಎಂದರು ಟೀಚರ್.

 ಮುದುಕಿ ಕೌದಿಯನ್ನು ಮೈಮೇಲಿಂದ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ಎರಡೂ ಕೈಯಲ್ಲಿ ವಾಪಸು ಕೊಟ್ಟಳು. "ಸಿಟ್ಟಾಗಬ್ಯಾಡ ತಾಯಿ. ಯಾರ ಪೀಡೆ ಯಾವುದರಾಗೆ ಐತೋ. ನಮ್ಮನೆಯೋರು ಒಳಗದಾರೆ. ಚಳಿ ನಾ ತಡ್ಕಂತೀನಿ."

ವಾಪಸು ಬರುವಾಗ ಕೌದಿಯನ್ನು ತಬ್ಬಿ ಹಿಡಿದಿದ್ದ ಹುಡುಗಿ ಕೇಳಿದಳು, "ನಾವು ಹೊಲಿದಿದ್ದು ಕೆಟ್ಟದ್ದಾ ಟೀಚರ್?" ಟೀಚರ್ ಬಳೆಯಿಂದ ಒಂದು ಪಿನ್ನು ಬಿಚ್ಚಿ ಅವಳ ಅಂಗಿಗೆ ಹಾಕಿ, ಬೆನ್ನಿಗೊಂದು ತಟ್ಟಿದರು.  ಸಿಟ್ಟಿಗೆದ್ದು ನಾನೇ ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಭಾಷಣ ಆರಂಭಿಸಿದೆ.

"ಸುಮ್ನಿರ್ರಿ ಮೇಷ್ಟ್ರೆ" ಎಂದರು. "ಆಯಮ್ಮನ ಮನುಷ್ಯ ಒಳಗದಾನೆ. ನಿಮ್ಮೋರು ಒಳಗಿದ್ದಾಗ ನೀವು ಏನೇನು ನಂಬ್ತೀರಿ ಅಂತ ನಿಮಗೇ ಗೊತ್ತಿಲ್ಲ."

ಸಂಜೆಯೊಳಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಸತ್ತವರ ಬಟ್ಟೆ ಮಕ್ಕಳ ಕೈಯಲ್ಲಿ ಮುಟ್ಟಿಸಿದ್ದಾರೆ, ಇನ್ನೊಬ್ಬರ ಕೇಡನ್ನು ಬಸ್ಸಿನಲ್ಲಿ ಊರಿಗೆ ತಂದಿದ್ದಾರೆ. ಮರುದಿನ ಶಾಲಾ ಸಮಿತಿ ಸೇರಿತು. ಅಧ್ಯಕ್ಷರು ಮಂಡಕ್ಕಿ ಭಟ್ಟಿ ಇಟ್ಟುಕೊಂಡವರು. ದೊಡ್ಡ ದೇಹ, ಸಣ್ಣ ದನಿ, ಅಂಗಿಯ ಮಡಿಕೆಗಳಲ್ಲಿ ಸದಾ ಭಟ್ಟಿಯ ಬೂದಿ. ಕೌದಿ ತಬ್ಬಿಕೊಂಡು ಬಂದ ಹುಡುಗಿ ಅವರ ಮಗಳೇ.

"ನಿಮ್ ಮ್ಯಾಲೆ ಗೌರವ ಐತೆ ಅಕ್ಕೋರೆ" ಎಂದರು ಅಧ್ಯಕ್ಷರು. "ಆದ್ರೆ ಜನ ಮಕ್ಕಳನ್ನ ಕಳಸಂಗಿಲ್ಲ ಅಂತಾರೆ. ಅವನ್ನ ವಾಪಸ್ ಹೊಳೆಗೆ ಬಿಡ್ರಿ. ಶನಿವಾರದ ಕಾರುಬಾರೂ ಇಲ್ಲಿಗೆ ಸಾಕು."

"ಬಿಡೋಣ್ರಿ" ಎಂದರು ಟೀಚರ್. "ಪೀಡೆ ಐತೋ ಇಲ್ಲೋ ಮೊದ್ಲು ನೋಡೋಣ. ಎಳ್ಳಮಾಸೆಯಿಂದ ಮುಂದಿನ ಅಮಾಸೆ ತನಕ ಆ ಕೌದಿ ಹಾಸ್ಕಂಡು, ಅದನ್ನೇ ಹೊದ್ಕಂಡು ಮಕ್ಕಂತೀನಿ. ಏನಾರ ಆದ್ರೆ ನಾನೇ ಎಲ್ಲಾ ಹೊತ್ಕಂಡು ಹೋಗಿ ಹೊಳೆಗೆ ಬಿಡ್ತೀನಿ."

"ಏನಾರ ಅಂದ್ರೆ?" ಎಂದರು ಅಧ್ಯಕ್ಷರು. ವ್ಯಾಪಾರಸ್ಥರು, ಮಾತನ್ನು ಸಡಿಲ ಬಿಡುವವರಲ್ಲ.

"ಒಂದು ಸೀನು ಬಂದ್ರೂ ಸೈ."

ಜ್ಞಾನಿಗಳೂ ತಪ್ಪುತ್ತಾರೆ. ಚಳಿಗಾಲದ ನಟ್ಟನಡುವೆ, ಪ್ರಾಥಮಿಕ ಶಾಲೆಯ ಮಕ್ಕಳ ಮಧ್ಯೆ ಬದುಕುವ ಒಬ್ಬ ಹೆಂಗಸು ಹೀಗೊಂದು ಪಣ ಕಟ್ಟಬಾರದಾಗಿತ್ತು. ನಮ್ಮ ಶಾಲೆಯಲ್ಲಿ ಆ ತಿಂಗಳುಗಳಲ್ಲಿ ಮೂಗು ಸೋರದ ಮಗು ಎಂದರೆ ಗೈರುಹಾಜರಾದ ಮಗು.

ಎಳ್ಳಮಾವಾಸ್ಯೆಯಂದು ಟೀಚರ್ ಎರಡು ಕೌದಿ ಮನೆಗೆ ಒಯ್ದರು. ಒಂದು ಮುದುಕಿ ಹಿಂದಿರುಗಿಸಿದ್ದು, ಇನ್ನೊಂದು ಅವರೇ ಹೊಲಿದ ಇಲಿ ಓಡಾಡಿದ ಕೌದಿ. ಮಿಕ್ಕವು ನನ್ನ ತರಗತಿಯ ಮೂಲೆಯಲ್ಲಿ ಪೇರಿಸಿದಂತೆಯೇ ಉಳಿದವು, ತೀರ್ಪಿಗಾಗಿ ಕಾಯುವ ಆರೋಪಿಗಳ ಹಾಗೆ. ಅಂದಿನಿಂದ ಟೀಚರ ಆರೋಗ್ಯ ವಿನೋಬನಗರದ ಸಾರ್ವಜನಿಕ ಸ್ವತ್ತಾಯಿತು. ಹಾಲಿನವನು ಮುಖ ನೋಡಿ ಹೋಗುತ್ತಿದ್ದ. ತರಕಾರಿ ಗಾಡಿಯವಳು "ಕಣ್ಣು ಕೆಂಪಗದಾವಲ್ರಿ" ಎಂದು ನಿಂತು ವಿಚಾರಿಸುತ್ತಿದ್ದಳು. "ಈರುಳ್ಳಿ ನಿಂದೇ ಅಲ್ವೇನೇ" ಎಂದು ಇವರು.

ಐದನೆಯ ತರಗತಿ ಮಾತ್ರ ಬೇರೆ ರೀತಿಯಲ್ಲಿ ಕೆಲಸಕ್ಕಿಳಿದಿತ್ತು. ಯಾರೂ ಹೇಳಿಕೊಡದೆ ಅವರು ಟೀಚರನ್ನು ಕಾಯುವ ವಿದ್ಯೆ ಕಲಿತರು. ಬೆಳಿಗ್ಗೆ ಒಬ್ಬಳ ಮನೆಯಿಂದ ಶುಂಠಿ ಕಷಾಯ, ಮಧ್ಯಾಹ್ನ ಇನ್ನೊಬ್ಬನ ಮನೆಯಿಂದ ಮೆಣಸಿನ ಸಾರು. ನೆಗಡಿ ಬಂದ ಮಕ್ಕಳನ್ನು ಕೊನೆಯ ಬೆಂಚಿಗೆ ಗಡೀಪಾರು ಮಾಡಿ, ಟೀಚರ್ ಆ ಕಡೆ ನಡೆದರೆ "ಈ ಕಡೆ ಬರ್ರಿ ಟೀಚರ್, ಡೌಟು ಐತೆ" ಎಂದು ಮುಂದಿನ ಬೆಂಚಿನವರು ಕೂಗುವುದು. ಮಕ್ಕಳಿಗೆ ಪಾಠದಲ್ಲಿ ಅಷ್ಟು ಅನುಮಾನಗಳು ಹಿಂದೆಂದೂ ಬಂದಿರಲಿಲ್ಲ. ಮೆಟ್ಟಿಲಿಗೆ ನೀರು ಬಿದ್ದರೆ ತಮ್ಮ ಅಂಗಿಯಲ್ಲೇ ಒರೆಸುತ್ತಿದ್ದರು. ಸೀಮೆಸುಣ್ಣದ ಧೂಳು ಮೂಗಿಗೆ ಹೋಗುತ್ತದೆಂದು ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಕಿತ್ತುಕೊಂಡರು.

ಅಧ್ಯಕ್ಷರು ಎರಡು ಮೂರು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಟೀಚರನ್ನು ದೂರದಿಂದ ನೋಡುವರು, ನಂತರ ನನ್ನ ತರಗತಿಗೆ ಬಂದು ಪೇರಿಸಿಟ್ಟ ಕೌದಿಗಳನ್ನು ಒಂದೊಂದಾಗಿ ಬಿಡಿಸಿ, ಮಗುಚಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮಡಚಿಟ್ಟು ಹೋಗುವರು. ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ.

ಅಮಾವಾಸ್ಯೆ ಇನ್ನೇನು ಹತ್ತಿರ ಬಂತು ಎನ್ನುವಾಗ ಟೀಚರ ದನಿ ಒಂದು ಬೆಳಿಗ್ಗೆ ಸ್ವಲ್ಪ ದಪ್ಪವಾಗಿತ್ತು. ಅವರು ಅದನ್ನು ಕಡಿಮೆ ಮಾತಾಡಿ ಮುಚ್ಚಿಟ್ಟರು. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಅಧ್ಯಕ್ಷರೂ ಬಂದು ಧ್ವಜಸ್ತಂಭದ ಪಕ್ಕ ನಿಂತಿದ್ದರು. ನಾಡಗೀತೆ ಮುಗಿದು ಒಂದು ನಿಮಿಷದ ಮೌನ ಶುರುವಾಯಿತು. ಟೀಚರ ಮುಖ ನಿಧಾನವಾಗಿ ಮೇಲೇರಿತು, ಕಣ್ಣು ಮುಚ್ಚಿತು, ಕೈ ಮೂಗಿನತ್ತ ಹೋಯಿತು. ತಡೆಯಲು ಅವರು ಪಟ್ಟ ಪ್ರಯತ್ನವನ್ನು ಯಾವ ವ್ರತದಲ್ಲೂ ಯಾರೂ ಪಟ್ಟಿರಲಾರರು. ಆದರೂ ಬಂತು. ಗಿಡ್ಡ ಆಳಿಗೆ ಮೀರಿದ ಸೀನು.

ಅದರ ಸದ್ದು ಗೋಡೆಗೆ ಬಡಿದು ವಾಪಸು ಬರುವುದರೊಳಗೆ ಐದನೆಯ ತರಗತಿಯ ಸಾಲಿನಲ್ಲಿ ಒಂದು ಹುಡುಗಿ ಸೀನಿದಳು. ಅಧ್ಯಕ್ಷರ ಮಗಳು. ಅವಳ ಹಿಂದಿನವನು ಸೀನಿದ. ಇಡೀ ಸಾಲು ಸೀನಿತು. ನಾಲ್ಕನೆಯ ತರಗತಿಗೆ ವಿಷಯ ಗೊತ್ತಿರಲಿಲ್ಲ, ಆದರೂ ಹಿಂದೆ ಬೀಳಬಾರದೆಂದು ಸೀನಿತು. ಒಂದನೆಯ ತರಗತಿಯ ಮಕ್ಕಳು ಬಾಯಲ್ಲೇ "ಆಕ್ಷೀ" ಎಂದು ಉಚ್ಚರಿಸಿದರು, ಕೆಲವರು ಎರಡೆರಡು ಸಲ. ಸಹೋದ್ಯೋಗಿಯಾಗಿ ನನಗೂ ಒಂದು ಕರ್ತವ್ಯವಿತ್ತು, ನಾನೂ ಸೀನಿದೆ.

ಎಲ್ಲ ತಣ್ಣಗಾದ ಮೇಲೆ ಅಧ್ಯಕ್ಷರು ಕೇಳಿದರು, "ಏನ್ರಿ ಮೇಷ್ಟ್ರೆ, ಶಾಲೆಗೇ ನೆಗಡಿನಾ?"

ನಾನು ಹವಾಮಾನದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಟೀಚರ್ ಮುಂದೆ ಬಂದರು.

"ಸೀನಿದ್ದು ನಾನು. ಮಿಕ್ಕಿದ್ದೆಲ್ಲ ಸುಳ್ಳು ಸೀನು" ಎಂದರು. ಮಕ್ಕಳ ಕಡೆ ತಿರುಗಿ, "ಸುಳ್ಳು ಸೀನಾಕೆ ಯಾರ್ರೋ ಕಲಿಸಿದ್ದು? ಮೇಷ್ಟ್ರು ಬ್ಯಾರೆ ನಿಮ್ ಜೊತೆಗೆ." ಮತ್ತೆ ಅಧ್ಯಕ್ಷರಿಗೆ, "ಮಾತು ಮಾತೇ. ಗಂಟು ಕಟ್ಟಸ್ತೀನಿ."

 ಅಧ್ಯಕ್ಷರು ಮಗಳನ್ನು ನೋಡಿದರು. "ನೀನೂ ಸೀನಿದೇನು?"

"ಹೂಂ ಅಪ್ಪಾಜಿ."

"ಯಾಕ?"

"ಟೀಚರ್ ಸೀನಿದ್ರಲ್ಲ" ಎಂದಳು. ಅದಕ್ಕಿಂತ ದೊಡ್ಡ ಕಾರಣ ಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

ಅಧ್ಯಕ್ಷರು ನನ್ನ ತರಗತಿಯತ್ತ ನಡೆದರು. ಟೀಚರೂ ನಾನೂ ಹಿಂದೆ ಹೋದೆವು. ಅವರು ಕೌದಿಗಳ ಮುಂದೆ ನೆಲದ ಮೇಲೆ ಕೂತು ಮತ್ತೆ ಒಂದೊಂದಾಗಿ ಬಿಡಿಸಿ ನೋಡಿದರು. ಕೊನೆಯದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಹಸಿರು ಸೀರೆ. ಕೆಂಪು ದಡಿ. ಸೆರಗಿನಾಗೆ ಒಂದು ಸುಟ್ಟ ತೂತು ಇತ್ತು, ಭಟ್ಟಿ ಮುಂದೆ ಕುಂತು ಕಿಡಿ ಹಾರಿದ್ದು. ಅಂಥದ್ದೇನಾರ ಸಿಕ್ಕಿತ್ತೇನ್ರಿ ಅಕ್ಕೋರೆ?"

ಅಧ್ಯಕ್ಷರ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಇಷ್ಟು ದಿನ ಅವರು ಮಗುಚಿ ಮಗುಚಿ ನೋಡುತ್ತಿದ್ದದ್ದು ಹೊಲಿಗೆಯನ್ನಲ್ಲ ಎಂದು ನನಗೆ ಆಗ ತಿಳಿಯಿತು. ಹಸಿರು ತುಂಡುಗಳು ಬೇಕಾದಷ್ಟಿದ್ದವು. ಒಂದನ್ನು ತೋರಿಸಿ "ಇದೇ ಇರಬೇಕು ನೋಡ್ರಿ" ಎಂದಿದ್ದರೆ ಕೌದಿಗಳೂ ಉಳಿಯುತ್ತಿದ್ದವು, ಶನಿವಾರವೂ ಉಳಿಯುತ್ತಿತ್ತು. ನಾನು ಟೀಚರ ಮುಖ ನೋಡಿದೆ.

"ಹಸಿರು ಬಾಳ ಬಂದಿದ್ವು" ಎಂದರು ಟೀಚರ್. "ಸುಟ್ಟ ತೂತು ಇದ್ದದ್ದು ನಾ ನೋಡಿಲ್ರಿ. ಸಿಕ್ಕಿಲ್ಲ."

ಅಧ್ಯಕ್ಷರು ತಲೆಯಾಡಿಸಿದರು. "ಹಿಂದಕ್ಕೆ ತಿರುಗಿ ನೋಡಬ್ಯಾಡ ಅಂದ್ರು. ನೋಡ್ಲಿಲ್ಲ."

"ಸಿಕ್ಕಿದ್ರೆ ಏನ್ ಮಾಡ್ತಿದ್ರಿ?"

"ಮನೆಗೆ ಒಯ್ತಿದ್ದೆ." ಎದ್ದು ಅಂಗಿ ಕೊಡವಿಕೊಂಡರು. ಬೂದಿ ಹಾರಿ ಟೀಚರಿಗೆ ಇನ್ನೊಂದು ಸೀನು ಬಂತು. ಈ ಸಲ ತಡೆಯಲು ಹೋಗಲಿಲ್ಲ. "ನೆಗಡಿ ಊರಿಗೇ ಐತೆ ಬಿಡ್ರಿ. ಭಟ್ಟಿ ಗಾಡಿ ಕಳಿಸ್ತೀನಿ, ಎಲ್ಲಾ ಹಾಕಿಸ್ರಿ."

"ಹರಿಹರಕ್ಕಾ?" ಎಂದೆ ನಾನು.

"ಆಸ್ಪತ್ರೆಗೆ ಮೇಷ್ಟ್ರೆ. ಚಳಿಗಾಲ ಮುಗಿದ ಮೇಲೆ ಕೊಡ್ತೀರೇನು?"

ಅಮಾವಾಸ್ಯೆ ಆಗುವ ತನಕ ಗಾಡಿ ಬೇಡವೆಂದು ಟೀಚರ್ ಹಟ ಹಿಡಿದರು. ಮಾತು ಮಾತೇ. ಉಳಿದ ರಾತ್ರಿಗಳನ್ನೂ ಅದೇ ಕೌದಿಯಲ್ಲಿ, ಧಾರಾಳವಾಗಿ ಸೀನುತ್ತ, ಮುಗಿಸಿದರು. ಆಮೇಲೆ ಆಸ್ಪತ್ರೆಗೆ ಹೋದಾಗ ಆ ಮುದುಕಿ ಅಲ್ಲಿರಲಿಲ್ಲ. ಅವಳ ಗಂಡನನ್ನು ಮನೆಗೆ ಕಳಿಸಿದರೋ ಏನಾಯಿತೋ, ಹೇಳುವವರಿರಲಿಲ್ಲ. ಟೀಚರ್ ಬಹಳ ಹೊತ್ತು ಆ ಮರದ ಸುತ್ತ ಹುಡುಕಿದರು.

ಕೌದಿ ಕೊಡುವ ಮೊದಲೇ ಬಟ್ಟೆ ಎಲ್ಲಿಯದೆಂದು ಹೇಳಬೇಕು, ಬೇಡವೆಂದವರಿಗೆ ನಮಸ್ಕಾರ ಮಾಡಿ ಬರಬೇಕು ಎಂದು ಅವರು ಕಟ್ಟುನಿಟ್ಟು ಮಾಡಿದ್ದರು. ಮಕ್ಕಳು ಅದನ್ನು ಪದ್ಯದಂತೆ ಬಾಯಿಪಾಠ ಮಾಡಿಕೊಂಡರು: "ಇದು ಹೊಳೆಯಾಗಿನ ಬಟ್ಟೆ ರೀ. ಮೂರು ಸಲ ಕುದಿಸಿ ಒಗ್ದೀವಿ. ನಮ್ ಟೀಚರ್ ಮಕ್ಕಂಡು ನೋಡ್ಯಾರೆ. ಏನೂ ಆಗಿಲ್ಲ, ಬರೇ ನೆಗಡಿ ಬಂದಿತ್ತು." ಕೆಲವರು ಬೇಡವೆಂದರು. ಹೆಚ್ಚಿನವರು ನಕ್ಕು ತೆಗೆದುಕೊಂಡರು. ಇಲಿ ಓಡಾಡಿದ ಕೌದಿಯನ್ನು ಯಾರಿಗೂ ಕೊಡುವ ಹಾಗಿರಲಿಲ್ಲವಾದ್ದರಿಂದ ಅದು ಟೀಚರ ಮನೆಯಲ್ಲೇ ಉಳಿಯಿತು.

ಅದಾದ ಮೇಲೆ ಪ್ರತಿ ಕಾರ್ತೀಕದಲ್ಲಿ ಪಾತಾಳಗರಡಿ ಹೊರಬರುತ್ತದೆ. ಅಧ್ಯಕ್ಷರ ಮಗಳು ಹೈಸ್ಕೂಲಿಗೆ ಹೋದಳು, ಅವರ ಅಧ್ಯಕ್ಷಗಿರಿ ಮುಗಿಯಿತು. ಗಾಡಿ ಮಾತ್ರ ಪ್ರತಿವರ್ಷ ಬರುತ್ತದೆ, ಹೊರಡುವ ಮುನ್ನ ಅವರು ಕೌದಿಗಳನ್ನು ಒಮ್ಮೆ ಮಗುಚಿ ನೋಡುತ್ತಾರೆ. ಟೀಚರ್ ನಿವೃತ್ತರಾದರು, ಅವರ ಬೆನ್ನಿಗೇ ನಾನೂ ಆದೆ. ನಿವೃತ್ತಿಯ ದಿನ ಭಾಷಣ ಮಾಡಿರೆಂದರೆ, ತಮಗೆ ಬರುವುದಿಲ್ಲ, ಕಲಿಯಲು ಶನಿವಾರ ಬರುತ್ತೇನೆ ಎಂದರು, ಬಂದರು ಕೂಡ.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಿದ್ದೆಯಲ್ಲಿ, ಆ ಇಲಿ ಕೌದಿಯ ಮೇಲೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ವಿನೋಬನಗರದಲ್ಲಿ ಒಬ್ಬರೂ ಕೇಳಲಿಲ್ಲ. ಅವರ ಜೀವಮಾನದ ಸಾಧನೆ ಇದೇ ಎಂದು ನಾನು ತಿಳಿದಿದ್ದೇನೆ. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗಳು ಸೀರೆಗಳನ್ನು ಗಂಟು ಕಟ್ಟಿದಳು. ನೆಂಟರು ಹರಿಹರಕ್ಕೆ ಹೋಗಲು ಕಾರು ಕರೆಸಿದ್ದರು. ಅವಳು ಗಂಟನ್ನು ತಂದು ನಮ್ಮ ಮನೆಯ ಜಗುಲಿಯ ಮೇಲಿಟ್ಟು, "ನೀವು ಚೊಲೋ ಒಗೀತೀರಂತಲ್ಲ ಮೇಷ್ಟ್ರೆ. ಅವ್ವ ಹೇಳ್ತಿದ್ರು" ಎಂದಳು.

ಒಗೆದೆ. ಶನಿವಾರ ಶಾಲೆಗೆ ಒಯ್ದೆ. ಈಗಿನ ಐದನೆಯ ತರಗತಿಯ ಮಕ್ಕಳಿಗೆ ಅವರು ಹಿಂದಿನ ಸಾಲಿನಲ್ಲಿ ಕೂತು ಬಯ್ಯಿಸಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಟೀಚರ್, ಅಷ್ಟೆ. ಮೊದಲ ಸೀರೆಗೆ ಕತ್ತರಿ ಹಾಕುವಾಗ ನನ್ನ ಕೈ ತಡೆಯಿತು. ಒಬ್ಬ ಹುಡುಗಿ ಕತ್ತರಿ ಇಸಿದುಕೊಂಡು "ಮೊದ್ಲು ಕೆಡ್ಸೋಣ್ರಿ ಸಾರ್" ಎಂದಳು.

ಕೌದಿ ಕಳೆದ ವಾರ ಮುಗಿಯಿತು. ಗಾಡಿ ಬಂತು, ಆಸ್ಪತ್ರೆಗೆ ಹೋದೆವು. ತೀರಿಕೊಂಡ ಟೀಚರ ಸೀರೆಗಳಿವು ಎಂದು ಮಕ್ಕಳು ಮೊದಲೇ ಹೇಳಿದರು. ಜಗಳೂರು ಕಡೆಯ ಒಬ್ಬ ಹೆಂಗಸು ಅದನ್ನು ತೆಗೆದುಕೊಂಡಳು.